ಕ್ಯಾಲೆಂಡರಿನ ಹಿಂದಿನ ಕ್ರ್ಯಾಕು

ಗೋಡೆಯ ಕ್ರ್ಯಾಕ್ ಕಂಡದ್ದಕ್ಕೇ ಅಕ್ಕನ ಸಂಬಂಧ ಮುರಿಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೈಲಹೊಂಗಲದ ಎರೆಮಣ್ಣಿನ ಮೇಲೆ ಮನೆ ಕಟ್ಟಿ, ಬೇಸಿಗೆಯಲ್ಲಿ ಗೋಡೆ ಸೀಳಿಸಿಕೊಳ್ಳದವರು ಯಾರಿದ್ದಾರೆ? ಹಾಗೆ ನೋಡಿದರೆ ನಮ್ಮ ಓಣಿಯ ಒಬ್ಬ ಹುಡುಗಿಗೂ ಲಗ್ನ ಆಗಬಾರದಿತ್ತು.

ಬಿರುಕು ಎಂಬ ಶಬ್ದವನ್ನು ನಾವು ಉತ್ತರಪತ್ರಿಕೆಯಲ್ಲಿ ಬರೆಯುತ್ತೇವೆ. ಬಾಯಲ್ಲಿ ದುಡಿಯುವುದು ಕ್ರ್ಯಾಕ್. ಗೋಡೆಗೆ ಕ್ರ್ಯಾಕ್, ಮೊಬೈಲಿಗೆ ಕ್ರ್ಯಾಕ್. ಚರ್ಚಾಸ್ಪರ್ಧೆಯ ಕಪ್ ತಂದ ದಿನವೂ ಅವ್ವ ನನ್ನನ್ನು ‘ಅರ್ಧಾ ಕ್ರ್ಯಾಕ್’ ಎಂದೇ ಕರೆದಳು. ಗೌರವದ ಕ್ರ್ಯಾಕ್ ಅಕ್ಕನದು ಮಾತ್ರ: ಎರಡು ತಿಂಗಳಲ್ಲಿ ಬರಲಿದ್ದ ಪಿಎಸ್‌ಐ ಪರೀಕ್ಷೆಯನ್ನು ಆಕೆ ಕ್ರ್ಯಾಕ್ ಮಾಡುವವಳಿದ್ದಳು. ಲಗ್ನವಾದರೆ ಅದು ಅಲ್ಲಿಗೇ ಮುಗಿಯಿತು. ಸೊಸೆಗೆ ನೌಕರಿ ಬೇಡ ಎಂದು ಗಂಡಿನ ಕಡೆಯ ರಾಮದುರ್ಗದವರು ಮೊದಲೇ ಹೇಳಿಕಳಿಸಿದ್ದರು.

ಅವರು ಬಂದ ದಿನ ಪಡಸಾಲೆಯ ದೊಡ್ಡ ಕ್ರ್ಯಾಕಿನ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಮಂಡಕ್ಕಿಯ ಸುಸಲಾ, ಚಹಾ ಮುಗಿಯಿತು. ಹಿರಿಯರೆಲ್ಲ ಒಪ್ಪಿದರು. ಹುಡುಗನ ಸೋದರಮಾವ ಕೈ ಒರೆಸಿಕೊಂಡು, ‘ಹಂಗಾರ ದಿನಾ ನೋಡಿಬಿಡೂಣ್ರಿ. ಆ ಕ್ಯಾಲೆಂಡರ್ ತಗೀರಿ’ ಎಂದರು.

ಅಪ್ಪ ಏಳಲಿಲ್ಲ. ‘ಅದು ಹ್ವಾದ ವರ್ಷದ್ದರಿ.’

‘ಈ ವರ್ಷದ್ದ ಐತಿ, ಇಲ್ಲಿಂದನ ಕಾಣತೈತಲ್ರಿ.’

‘ಮೊಳಿ ಸಡಲ ಐತ್ರಿ.’

ಮಾವ ತಾವೇ ಎದ್ದು ತೆಗೆದರು. ಒಂದು ಹಲ್ಲಿ ಹೊರಬಂದು, ಸಭೆಯನ್ನು ನೋಡಿ, ಮತ್ತೆ ಒಳಗೆ ಹೋಯಿತು. ಮಾವ ಬೆರಳಿಟ್ಟರು, ಎರಡು ಗೆಣ್ಣಿನವರೆಗೆ ಒಳಗಿಳಿಯಿತು.

‘ಎರಿ ಭೂಮಿ. ನಮ್ಮ ಮನ್ಯಾಗೂ ಹಿಂಗ ಐತ್ರಿ’ ಎಂದು ನಕ್ಕರು.

ಅಪ್ಪನೂ ನಕ್ಕು ಸುಮ್ಮನಿರಬೇಕಿತ್ತಲ್ಲ? ‘ಅದು ಕ್ರ್ಯಾಕ್ ಅಲ್ರಿ. ವಾಯರ್ ಹಾಕಾಕ ನಾವ ಕೊರಸೇವಿ’ ಎಂದ.

ಮಾವನ ನಗು ನಿಂತಿತು. ‘ಗ್ವಾಡಿದ ಹಿಂಗ ಮುಚ್ಚವರು ಹುಡುಗಿದ ಏನೇನ ಮುಚ್ಚೀರೋ’ ಎನ್ನುತ್ತ ಚಪ್ಪಲಿ ಹುಡುಕಿದರು.

ಆದ್ದರಿಂದ ಸಂಬಂಧ ಮುರಿದದ್ದು ಕ್ರ್ಯಾಕ್ ಅಲ್ಲ, ಅದನ್ನು ಮುಚ್ಚಿದ್ದು. ಇಷ್ಟನ್ನು ನಾನು ಸಾಬೀತುಮಾಡಿ ತೋರಿಸಬಲ್ಲೆ. ಆದರೆ ಮುಚ್ಚಿದವರು ಯಾರು?

‘ದಿನಾ ನೋಡಾಕ ಬರವರ ಮುಂದ ಕ್ಯಾಲೆಂಡರ್ ಹಾಕ್ತಾರೇನ?’ ಎಂದು ಅಪ್ಪ ಅವ್ವನ ಮೇಲೆ ಹರಿಹಾಯ್ದ.

‘ನಾ ಹಾಕಿಲ್ಲ. ನಾ ಅದರ ಮುಂದ ಕಪಾಟ ಸರಸ್ರಿ ಅಂದಿದ್ದೆ’ ಎಂದಳು ಅವ್ವ.

ಅಂದು ಬೆಳಗಿನವರೆಗೆ ಆ ಕ್ಯಾಲೆಂಡರ್ ಇದ್ದದ್ದು ಅಡುಗೆಮನೆಯಲ್ಲಿ. ಅಂದು ಸಂಜೆ ಅಕ್ಕ ಅದೇ ಕ್ರ್ಯಾಕಿಗೆ ಬೆನ್ನು ಕೊಟ್ಟು ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಹೋಗಿ ಎದುರಿಗೆ ಕುಳಿತೆ.

‘ಅಕ್ಕಾ, ಖರೇ ಹೇಳ. ಅಡಗಿಮನ್ಯಾಗಿನ ಕ್ಯಾಲೆಂಡರ್ ಪಡಸಾಲಿಗೆ ತಂದಾಕಿ ಯಾರು?’

‘ದಿನಾ ನೋಡವರು ಕ್ಯಾಲೆಂಡರ್ ತಗೀದ ಬಿಡ್ತಾರೇನ?’ ಎಂದು ಅಕ್ಕ ಮುಂದಿನ ಪ್ರಶ್ನೆಗೆ ಟಿಕ್ ಹಾಕಿದಳು.