ಹಸಿರು ಉರಿಯ ದೀಪ

ಏಸಿಯ ಸೋರಿಕೆ ಹುಡುಕುವುದರಲ್ಲಿ ಅಪ್ಪನನ್ನು ಮೀರಿಸುವವರು ಕೊಪ್ಪಳದಲ್ಲಿ ಇರಲಿಲ್ಲ. ಮುನಿರಾಬಾದಿನ ಡ್ಯಾಂ ಕಾಲೊನಿಯಲ್ಲಿ ಫ್ರಿಜ್ ರಿಪೇರಿ ಕಲಿತು, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕಾರಿನ ಏಸಿ ಅಂಗಡಿ ಇಟ್ಟವನು. ತಾಮ್ರದ ತುಂಡು ಕೂಡಿಸಿದ ಸಣ್ಣ ದೀಪ ಹಚ್ಚಿ ಪೈಪಿನುದ್ದಕ್ಕೂ ಆಡಿಸುತ್ತಿದ್ದ. ಗ್ಯಾಸು ಸೋರುವಲ್ಲಿ ನೀಲಿ ಉರಿ ಹಸಿರಾಗುತ್ತಿತ್ತು. ಆ ಹಳೆಯ ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ. ಅದು ಕೆಡಿಸಿದ್ದು ಆಕಾಶವನ್ನು.

ಆಮೇಲೆ ಆ ಗ್ಯಾಸು ಬರುವುದು ನಿಂತು, ಹೊಸ ಕಾರುಗಳಿಗೆ ಬೇರೆ ಗ್ಯಾಸು ಬಂತು. ಅದಕ್ಕೆ ಉರಿ ಬಣ್ಣ ಬದಲಿಸುತ್ತಿರಲಿಲ್ಲ. ನಾನು ಸೋರಿಕೆ ಹುಡುಕುವ ಮಷಿನ್ನು ತಂದೆ, ಅಪ್ಪನ ದೀಪ ಗೂಡು ಸೇರಿತು. ಅವನು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಹೋಗುತ್ತಿದ್ದ.

ಹೋದ ಬೇಸಿಗೆಯಲ್ಲಿ ಇರಕಲ್ಲಗಡದ ನಿವೃತ್ತ ಮಾಸ್ತರರು ತಮ್ಮ ಮುದಿ ಕಾರು ತಂದರು. ಹಳೆಯ ಏಸಿಗೂ ಒಗ್ಗುವ, ಓಝೋನಿಗೆ ಕೇಡು ಮಾಡದ ಗ್ಯಾಸಿನ ಡಬ್ಬಿಗಳು ಹೊಸಪೇಟೆಯಲ್ಲಿ ಸಿಕ್ಕಿದ್ದವು. ಕಾರಿಗೆ ಅದನ್ನು ಹಾಕಬಾರದೆಂದು ಗೊತ್ತಿದ್ದೂ ತುಂಬಿದೆ. ಮೇಲೆ ಅಪ್ಪನಿಗೆ ಪಾಠ ಬೇರೆ: ಬಿಸಿಲಿನ ವಿಷ ತಡೆಯುವ ಪದರ ಮೇಲಿದೆ, ನಿನ್ನ ಗ್ಯಾಸು ಅದನ್ನು ತೂತು ಮಾಡಿತು, ಇದು ಮಾಡುವುದಿಲ್ಲ. ನಮ್ಮ ಅಂಗಡಿಯ ತಗಡೇ ತೂತಾಗಿದೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಎಂದು ಅವನು ನಕ್ಕ. ನನಗೆ ಸಿಟ್ಟು ಬಂದು ಮಾತು ಅಲ್ಲಿಗೇ ಬಿಟ್ಟೆ. ಇದು ಅಡುಗೆ ಗ್ಯಾಸಿನ ಜಾತಿಯದು, ಕಿಡಿ ಕಂಡರೆ ಹತ್ತಿಕೊಳ್ಳುತ್ತದೆ ಎಂಬ ಮುಖ್ಯ ಪಾಠವೇ ಹೇಳದೆ ಉಳಿಯಿತು.

ವಾರಕ್ಕೇ ಕಾರು ತಿರುಗಿ ಬಂತು, ತಂಪಾಗುತ್ತಿಲ್ಲವೆಂದು. ನಾನು ಸಾಮಾನು ತರಲು ಗಂಗಾವತಿಗೆ ಹೋಗಿದ್ದೆ. ಹಳೆಯ ಕಾರು, ಹಳೆಯ ಏಸಿ. ಅಪ್ಪನಿಗೆ ಹುರುಪು ಬಂದಿರಬೇಕು. ಉಳಿದಿದ್ದ ಡಬ್ಬಿಯ ಗ್ಯಾಸು ತುಂಬಿ, ಬಾನೆಟ್ಟಿನೊಳಗೆ ಬಾಗಿ, ದೀಪ ಹಚ್ಚಿದ.

ಆಸ್ಪತ್ರೆಯಲ್ಲಿ ಅವನ ಎರಡೂ ಕೈಗಳನ್ನು ಬಟ್ಟೆಯಲ್ಲಿ ಸುತ್ತಿದ್ದರು. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ಡಬ್ಬಿ ಮ್ಯಾಲ ಉರಿ ಚಿತ್ರ ಇತ್ತಲ್ಲೋ,” ಎಂದ. “ದೀಪ ಹಚ್ಚಿ ನೋಡು ಅಂತ ತಿಳಕೊಂಡೆ.”

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ನೋಡಲು ಬಂದವರೆಲ್ಲ ಹೇಳಿದರು. ಹೇಳಿ ಮನೆಗೆ ಹೋದರು. ಅಪ್ಪನ ಬೆರಳುಗಳು ಈಗ ಮಡಚುವುದಿಲ್ಲ. ಬೆಳಿಗ್ಗೆ ಅಂಗಡಿಗೆ ಬರುವುದು ಬಿಟ್ಟಿಲ್ಲ, ಚಹಾ ನಾನೇ ಕುಡಿಸುತ್ತೇನೆ. ಮೊನ್ನೆ ಗಿರಾಕಿಯೊಬ್ಬರು ಯಾವ ಗ್ಯಾಸು ಹಾಕುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ:

“ಆಕಾಶಕ್ಕ ಛಲೋ ಇರೋದ ಹಾಕ್ತಾನ್ರಿ ನನ್ನ ಮಗ.”

ಅವನ ಮಾತಿನಲ್ಲಿ ಕೊಂಕಿರಲಿಲ್ಲ.