ದಿಬ್ಬದಾಚೆಯ ಇಬ್ಬರು

ಮಧುಗಿರಿಯ ಕಚೇರಿಯಲ್ಲಿ ನನಗೆ ಕೊಟ್ಟಿದ್ದ ಕೆಲಸ ಸರಳವಾದದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಿಂದ ಆಯಾ ದಿನದ ಕೊರೊನಾ ಅಂಕಿಗಳನ್ನು ತರಿಸಿಕೊಂಡು, ಕೂಡಿಸಿ, ಸಂಜೆ ಐದರೊಳಗೆ ಜಿಲ್ಲೆಗೆ ಕಳಿಸುವುದು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ, ಗುತ್ತಿಗೆಯ ನೌಕರಿ. ಯಾವ ಅಂಕಿಯನ್ನೂ ಮೊದಲ ನೋಟಕ್ಕೆ ನಂಬದಿರುವುದು ಓದಿನಿಂದ ಬಂದ ಗುಣ. ಎರಡನೇ ಅಲೆಯ ಆ ವಾರಗಳಲ್ಲಿ ಅದು ಗುಣವಾಗಿ ಉಳಿಯಲಿಲ್ಲ, ಚಟವಾಯಿತು.

ಪಾವಗಡದಿಂದ ಫೋನಿನಲ್ಲಿ ಅಂಕಿ ಹೇಳುವವನು ದಿನವೂ ತೆಲುಗು ಬೆರೆತ ಒಂದೇ ಧಾಟಿಯಲ್ಲಿ ಶುರುಮಾಡುತ್ತಿದ್ದ. "ಬರ್ಕೊಳ್ಳಿ ಸಾ, ನಿನ್ನೆಗಿಂತ ಎರಡು ಜಾಸ್ತಿ, ಅಂತೇ."

"ದಿನಾ ಎರಡೇ ಹೇಗೆ ಜಾಸ್ತಿ ಆಗುತ್ತಪ್ಪ?"

"ನಾಳೆ ರೋಗಾನೇ ಕೇಳಿ ಚೆಪ್ತೀನಿ ಬುಡಿ ಸಾ."

ಕೊರಟಗೆರೆಯ ಪಟ್ಟಿಯಲ್ಲಿ ಹೊಳವನಹಳ್ಳಿ ಹೋಬಳಿಯ ಎದುರಿಗೆ ಸೊನ್ನೆಯ ಮೇಲೆ ಸೊನ್ನೆ ಬರುತ್ತಿತ್ತು. ಆ ಸೊನ್ನೆಗಳ ಹಿಂದೆ ಯಾರೋ ಬಾಗಿಲು ಹಾಕಿಕೊಂಡು ಕೆಮ್ಮುತ್ತಿದ್ದಾರೆ ಎಂದೇ ನನಗೆ ಅನ್ನಿಸುತ್ತಿತ್ತು. ಕಮ್ಮಿ ಬಂದರೆ ಮುಚ್ಚಿಟ್ಟಿದ್ದಾರೆ, ಜಾಸ್ತಿ ಬಂದರೆ ಇಲ್ಲದ್ದನ್ನು ಕಟ್ಟಿದ್ದಾರೆ. ಸರಿಯಾದ ಅಂಕಿ ಎಷ್ಟಿರಬೇಕಿತ್ತು ಎಂಬುದು ನನಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಶಿರಾದ ಪಟ್ಟಿಯಲ್ಲಿ, ಬುಕ್ಕಾಪಟ್ಟಣದ ಕಡೆಯ ಕುರಿಗಾಹಿಗಳ ಹಟ್ಟಿಯೊಂದರಿಂದ, ಹನ್ನೊಂದು ಪಾಸಿಟಿವ್ ಬಂತು. ಹನ್ನೊಂದು ಹೆಸರಿಗೂ ಒಂದೇ ಫೋನ್ ನಂಬರು. ಟಾರ್ಗೆಟ್ ತುಂಬಿಸಲು ಒಬ್ಬರದೇ ಮೂಗಿನ ಸ್ವ್ಯಾಬ್ ತೆಗೆದು ಹತ್ತು ಹೆಸರು ಬರೆಯುತ್ತಾರೆಂದು ಆಗ ಒಂದು ಗುಸುಗುಸು ಇತ್ತು. ಕಂಡವರು ಯಾರೂ ನನಗೆ ಸಿಕ್ಕಿರಲಿಲ್ಲ, ಆದರೂ ನಂಬಿದ್ದೆ. ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಅಲ್ಲಿಯ ಆಶಾ ಕಾರ್ಯಕರ್ತೆ. ಬೇರೇನೂ ಕೇಳದೆ ಫೋನಿಟ್ಟು, ಷರಾ ಕಾಲಮ್ಮಿನಲ್ಲಿ 'ಅನುಮಾನಾಸ್ಪದ' ಎಂದು ಬರೆದೆ.

ಮೇಲಿನವರು ಓದಿದರು. "ಹೋಗಿ ಹನ್ನೊಂದು ಜನಾನೂ ಕಣ್ಣಾರೆ ನೋಡ್ಕೊಂಡು ಬಾ. ಒಬ್ಬರು ಕಮ್ಮಿಯಾದ್ರೂ ಆ ಹೆಂಗಸನ್ನ ತೆಗೆದುಹಾಕೋದೇ."

ಜೀಪಿನ ಡ್ರೈವರ್ ಶಿರಾದ ಸಾಬರು. ದಾರಿಯುದ್ದಕ್ಕೂ ನನ್ನ ಗಾಂಭೀರ್ಯ ಕಂಡು ಅವರಿಗೆ ನಗು. "ಕ್ಯಾ ಸಾಬ್, ಆದ್ಮೀನ ಎಣ್ಸಾಕೆ ಹೋಗ್ತಿದೀವಾ, ಬಕ್ರೀನಾ?"

ಹಟ್ಟಿಯಲ್ಲಿ ಮುಕ್ಕಾಲು ಬಾಗಿಲುಗಳಿಗೆ ಬೀಗ. ಗುಲಾಬಿ ಸೀರೆಯ ಆ ಹೆಂಗಸು ಹುಣಸೆಮರದ ಕೆಳಗೆ ಚೀಲ ಹಿಡಿದು ನಿಂತಿದ್ದಳು. ನಾನು ಬೇಕೆಂದೇ ಪಟ್ಟಿಯ ನಂಬರಿಗೆ ಇನ್ನೊಮ್ಮೆ ಫೋನ್ ಮಾಡಿದೆ. ಅವಳ ಕೈಯಲ್ಲೇ ಹೊಡೆದುಕೊಂಡಿತು.

"ಎದ್ರಿಗೇ ನಿಂತಿವ್ನಿ, ಇನ್ಯಾಕೆ ಸಾ ಫೋನು?"

"ಎಲ್ಲರಿಗೂ ನಿಮ್ಮದೇ ನಂಬರ್ ಯಾಕೆ ಬರೆಸಿದ್ರಿ?"

"ಈ ಹಟ್ಟೀಲಿ ಸಿಗ್ನಲ್ ಸಿಗೋದು ನನ್ ಫೋನ್‌ಗೊಂದೇ. ಅವ್ರ್ ನಂಬರ್ ಕೊಟ್ಟಿದ್ರೆ ರಿಪೋರ್ಟು ಜಾಲಿ ಮರಕ್ಕೆ ಬರ್ತಿತ್ತಾ?"

"ಅವರೆಲ್ಲ ಎಲ್ಲಿ?"

"ದೂರ ಇರಿ ಅಂದೋರು ನೀವೇ ಅಲ್ವಾ? ಮನೆಗೊಂದೇ ಅಂಕಣ, ಅದ್ರೊಳಗೆ ಹೆಂಗೆ ದೂರ ಇರ್ತಾರೆ? ಕುರಿ ಹೊಡ್ಕಂಡು ಅಡವಿಗೆ ಹೋಗವ್ರೆ. ದಿನಾ ಮುದ್ದೆ, ಮಾತ್ರೆ ಬಂಡೆ ಮ್ಯಾಲೆ ಇಟ್ಬರ್ತೀನಿ."

ನನಗೆ ಇದು ಬಹಳ ಸಲೀಸಾದ ಉತ್ತರವೆನಿಸಿತು. ಮೂವರೂ ನಡೆದೆವು. ಒಬ್ಬರು ಕಮ್ಮಿಯಾದರೂ ಅವಳ ಕೆಲಸ ಹೋಗುತ್ತದೆಂದು ದಾರಿಯಲ್ಲಿ ಹೇಳಿದೆ. ತಂಗಡಿ ಗಿಡಗಳು ಮುಗಿದು ಕುರುಚಲು ಶುರುವಾಗುವಲ್ಲಿ ಅವಳು ನಿಂತು ಬಾಯಿಗೆ ಕೈ ಅಡ್ಡ ಇಟ್ಟು ಕೂಗಿದಳು.

"ಲೇ, ಎಣ್ಸಾಕೆ ಬಂದವ್ರೆ ಕಣ್ರಲಾ! ಕೋಲು ಎತ್ತಿ!"

ಇಳಿಜಾರಿನಿಂದ ಯಾರೋ ಒಬ್ಬ ಕೇಳಿದ. "ಓಟಿಗಾ?"

"ಅಲ್ಲ ಕಣ್ಲಾ, ನನ್ ಕೆಲ್ಸಕ್ಕೆ!"

ಅಲ್ಲೊಂದು ಇಲ್ಲೊಂದು, ಒಬ್ಬರಿಂದೊಬ್ಬರು ದೂರದಲ್ಲಿ, ಕೋಲುಗಳು ಎದ್ದವು. ಎಣಿಸಿದೆ. ಒಂಬತ್ತು. ಇನ್ನೊಮ್ಮೆ ಎಣಿಸಿದರೂ ಒಂಬತ್ತೇ.

"ಇನ್ನಿಬ್ಬರು?"

"ಗಂಡ ಹೆಂಡ್ತಿ. ಮಂದೆ ದಿಬ್ಬದಾಚಿಗೆ ಹೋಗದೆ, ಅದ್ರ ಹಿಂದೆ ಹೋಗವ್ರೆ. ಕೂಗಿದ್ರೆ ಕೇಳ್ಸಾಕಿಲ್ಲ. ಹತ್ತಿ ನೋಡ್ಬನ್ನಿ ಸಾ, ನಾನು ಬ್ಯಾಡ ಅನ್ನಾಕಿಲ್ಲ."

ದಿಬ್ಬ ದೊಡ್ಡದಲ್ಲ. ನಾನು ಹತ್ತಲಿಲ್ಲ. ಡೈರಿಯಲ್ಲಿ 'ವಿಪರೀತ ಬಿಸಿಲು' ಎಂದು ಬರೆದಿದ್ದೇನೆ. ನೆನಪಿನಲ್ಲಿ ಮೋಡ ಕವಿದಿದೆ, ಗಾಳಿ ತಣ್ಣಗಿದೆ. ಹತ್ತಬೇಕಾದರೆ ಕಾಯಿಲೆಯವರ ನಡುವೆ ಹಾದು ಹೋಗಬೇಕಿತ್ತು ಎಂಬುದು ಡೈರಿಯಲ್ಲೂ ಇಲ್ಲ. ಅವಳ ಚೀಲದಲ್ಲಿ ಅಂದು ಮಾತ್ರೆಯ ಹನ್ನೊಂದು ಪೊಟ್ಟಣಗಳಿದ್ದವು ಎಂದು ನೆನಪು. ಆದರೆ ಆ ನೆನಪು ನನಗೆ ಬೇಕಾದಾಗಲೇ ಬರುತ್ತದೆ, ಆದ್ದರಿಂದ ಅದನ್ನೂ ನಂಬಲಾರೆ.

ಅವಳು ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದಳು. ನಾನು 'ಹನ್ನೊಂದು ಮಂದಿಯನ್ನೂ ಖುದ್ದಾಗಿ ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿದೆ.

ಹಿಂದಿರುಗುವಾಗ ಡ್ರೈವರ್ ಕೇಳಿದರು. "ಪೂರಾ ಸಿಕ್ಕಿದ್ರಾ ಸಾಬ್?"

"ಸಿಕ್ಕಿದ್ರು."

ಗೇರ್ ಬದಲಿಸುತ್ತ ಅಂದರು: "ನನ್ ಎಣಿಕೇಲಿ ಒಂಬತ್ತು ಬಂತು. ಕಣ್ಣು ಸ್ವಲ್ಪ ಕಮ್ಜೋರ್ ಬುಡಿ."

ಅವಳ ಕೆಲಸ ಉಳಿಯಿತು. ಮರುದಿನ ಪಾವಗಡದವನು "ಎರಡು ಜಾಸ್ತಿ, ಅಂತೇ" ಎಂದಾಗ ನಾನು ಏನೂ ಕೇಳದೆ ಬರೆದುಕೊಂಡೆ. "ಸಾ, ಲೈನಲ್ಲಿದೀರಾ?" ಎಂದ.

ಹೋದ ವರ್ಷ ಶಿರಾದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಅದೇ ಗುಲಾಬಿ ಸೀರೆ, ಅಂಥದೇ ಚೀಲ. ಗುರುತು ಹಿಡಿದು ನಕ್ಕಳು. ಇಷ್ಟು ದಿನ ಹೊತ್ತುಕೊಂಡಿದ್ದನ್ನು ಕೇಳಿಯೇಬಿಟ್ಟೆ: "ದಿಬ್ಬದಾಚೆ ನಿಜವಾಗಿ ಇಬ್ಬರಿದ್ರಾ?"

ಅವಳ ನಗು ನಿಂತಿತು.

"ಅವತ್ತೇ ಹತ್ತಿ ನೋಡ್ಬೇಕಿತ್ತು ಸಾ. ಇವತ್ತು ಇದ್ರು ಅಂದ್ರೂ ನೀವು ನಂಬಾಕಿಲ್ಲ, ಇರ್ಲಿಲ್ಲ ಅಂದ್ರೂ ನಂಬಾಕಿಲ್ಲ."

ಹುಲಿಕುಂಟೆಯ ಬಸ್ಸು ಬಂತು. ಹತ್ತುವ ಮುನ್ನ ತಿರುಗಿ, "ಎಣ್ಸಾಕೆ ಬಂದೋರು ಭಾಳ ಜನ ಕಣ್ ಸಾ. ದಿಬ್ಬ ಹತ್ತಿದೋರು ಯಾರೂ ಇಲ್ಲ," ಎಂದಳು. ಅದು ನನ್ನನ್ನು ಕ್ಷಮಿಸುವ ಮಾತೋ, ಅವಳು ಹೀಗೇ ಹೆಸರು ಬರೆಸಿದ ಬೇರೆ ಹಟ್ಟಿಗಳೂ ಇದ್ದವು, ಅಲ್ಲೂ ದಿಬ್ಬಗಳಿದ್ದವು ಎಂಬ ಸೂಚನೆಯೋ ಎಂದು ನಾನು ಲೆಕ್ಕ ಹಾಕುತ್ತಿದ್ದಂತೆ ಬಸ್ಸು ಹೊರಟಿತು.