ತಪ್ಪು ಬ್ಯಾಟರಿಯದ್ದಲ್ಲ

ಕಾಪುವಿನಲ್ಲಿರುವ ಅಕ್ಕನಿಗೆ ಮಂಡಿಯ ಆಪರೇಶನ್ ಆಗಿ ಎರಡು ತಿಂಗಳಾಗಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅವಳನ್ನು ಮಣಿಪಾಲಕ್ಕೆ ಫಿಸಿಯೋಥೆರಪಿಗೆ ಕರೆದೊಯ್ಯುವುದು ನನ್ನ ಕೆಲಸ. ನಾನಿರುವುದು ಪರ್ಕಳದಲ್ಲಿ. ಕಾರ್ಕಳದ ಹೈಸ್ಕೂಲಿಗೆ ಬಸ್ಸಿನಲ್ಲೇ ಹೋಗಿಬರುವವಳು. ಹಾಗಾಗಿ ನಮ್ಮ ಹದಿನೈದು ವರ್ಷದ ಹಳೆಯ ಕಾರಿಗೆ ವಾರವಿಡೀ ರಜೆ, ಶನಿವಾರ ಮಾತ್ರ ಕೆಲಸ.

ಆ ಒಂದು ದಿನವೂ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುತ್ತಿತ್ತು. ಪಕ್ಕದ ಮನೆಯವರ ಕಾರಿನ ಬ್ಯಾಟರಿಯಿಂದ ಕರೆಂಟು ಪಡೆದು ಹೇಗೋ ಕಟಪಾಡಿಯ ಮೆಕ್ಯಾನಿಕ್‌ನ ಬಳಿಗೆ ಒಯ್ದೆ. ಅದಕ್ಕೆ ತಿಂಗಳ ಹಿಂದೆಯಷ್ಟೇ, ಇಲಿ ಕಡಿದ ವಯರುಗಳನ್ನು ಅವನೇ ಸರಿಮಾಡಿಕೊಟ್ಟಿದ್ದ.

ಅವನು ಬಾನೆಟ್ ಎತ್ತಿ ನೋಡಿದ್ದು ಅರ್ಧ ನಿಮಿಷ. "ಬ್ಯಾಟರಿ ಹೋಗಿದೆ ಮೇಡಂ. ಹಳೇ ಗಾಡಿ ಅಲ್ವಾ."

"ಬ್ಯಾಟರಿ ಹೋದದ್ದೋ, ಎಲ್ಲಿಯಾದರೂ ಕರೆಂಟು ಸೋರಿ ಖಾಲಿಯಾದದ್ದೋ? ಒಮ್ಮೆ ಪರೀಕ್ಷೆ ಮಾಡಿ ನೋಡಿ," ಎಂದೆ.

ಅವನು ನಕ್ಕ. "ಅದೆಲ್ಲ ನಿಮಗೆ ಅರ್ಥ ಆಗುವುದಿಲ್ಲ. ಸಾರ್ ನಂಬರ್ ಕೊಡಿ, ನಾನು ಅವರ ಹತ್ರ ಮಾತಾಡ್ತೇನೆ."

ಸಾರ್ ಎಂದರೆ ದುಬೈಯಲ್ಲಿರುವ ನನ್ನ ಗಂಡ. ಊರಿಗೆ ಬಂದಾಗ ಮನೆಯಲ್ಲಿ ಫ್ಯೂಸ್ ಹೋದರೆ ಟಾರ್ಚ್ ಹಿಡಿದು ನನ್ನನ್ನು ಕರೆಯುವ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಹತ್ತನೇ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠ ಮಾಡುತ್ತಿರುವ ನಾನು ಅಲ್ಲೇ ನಿಂತಿದ್ದೆ. ನನ್ನ ಕಾರಿನ ಮಾತುಕತೆ ನನ್ನ ಕಿವಿಯ ಪಕ್ಕದಲ್ಲೇ ಫೋನಿನಲ್ಲಿ ದುಬೈಗೆ ಹೋಯಿತು. "ಅವರು ಹೇಳಿದ ಹಾಗೆ ಮಾಡಿಸು," ಎಂದರು ಗಂಡ. ಹೊಸ ಬ್ಯಾಟರಿ ಬಂತು. ನಾನು ತೆಪ್ಪಗೆ ಕಾರು ಹತ್ತಿದೆ. ಆ ತೆಪ್ಪಗಿದ್ದುದಕ್ಕೆ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮುಂದಿನ ಶನಿವಾರ ಮತ್ತೆ 'ಟಕ್'. ಅಕ್ಕ ಸೀರೆ ಉಟ್ಟು, ಊರುಗೋಲು ಹಿಡಿದು, ಜಗಲಿಯಲ್ಲಿ ಕಾದು ಕುಳಿತಿದ್ದಳು. ಬಾಡಿಗೆ ಕಾರು ಸಿಕ್ಕಿ ನಾವು ಮಣಿಪಾಲ ತಲುಪುವಾಗ ಅವಳ ಸಮಯ ಮುಗಿದಿತ್ತು. "ಇನ್ನು ಮೂರು ವಾರ ಜಾಗ ಇಲ್ಲ," ಎಂದರು ಕೌಂಟರಿನವರು. ವಾಪಸು ಬರುವಾಗ ಅಕ್ಕ ಬಾಡಿಗೆಯ ಅರ್ಧ ತಾನೇ ಕೊಡುತ್ತೇನೆಂದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಭಾನುವಾರ ಬೆಳಿಗ್ಗೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ತಂದು ಅಂಗಳದಲ್ಲೇ ಕೆಲಸಕ್ಕಿಳಿದೆ. ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಕಾರಿನದೇ ಒಂದು ಸಣ್ಣ ಬಲ್ಬು ಜೋಡಿಸಿದೆ. ಎಲ್ಲವೂ ಆಫ್ ಆಗಿದ್ದರೆ ಬಲ್ಬು ಉರಿಯಬಾರದು. ಉರಿಯಿತು, ಮಂದವಾಗಿ. ಬಾಗಿಲು ತೆರೆದರೆ ಒಳಗಿನ ದೀಪ ಹೊತ್ತಿ ಲೆಕ್ಕ ತಪ್ಪಿಸುತ್ತದೆಂದು ಬಾಗಿಲಿನ ಸ್ವಿಚ್ಚನ್ನು ಟೇಪು ಸುತ್ತಿ ಒತ್ತಿಟ್ಟೆ. ಆಮೇಲೆ ಒಂದೊಂದೇ ಫ್ಯೂಸ್ ಕೀಳುವುದು, ಎದ್ದು ಬಂದು ಬಲ್ಬು ನೋಡುವುದು, ಫ್ಯೂಸನ್ನು ಮತ್ತೆ ಸಿಕ್ಕಿಸುವುದು. ಹಾರ್ನು, ವೈಪರು, ಹಿಂದಿನ ದೀಪಗಳು. ಬಲ್ಬು ಉರಿಯುತ್ತಲೇ ಇತ್ತು. ಒಂಬತ್ತನೆಯದನ್ನು ಕಿತ್ತಾಗ ಆರಿತು. ಅದು ಹಾಡು ಕೇಳುವ ಪ್ಲೇಯರಿನ ಫ್ಯೂಸ್.

ಪ್ಲೇಯರಿನ ಪರದೆ ಕೆಟ್ಟು ವರ್ಷಗಳಾಗಿದ್ದವು. ಹಾಗಾಗಿ ಅದು ಆನ್ ಆಗಿದ್ದರೂ ಯಾರಿಗೂ ಕಾಣುವಂತಿರಲಿಲ್ಲ. ಹೊರಗೆಳೆದು ಮುಟ್ಟಿದೆ, ಬೆಚ್ಚಗಿತ್ತು. ಹಿಂದುಗಡೆ ಎರಡು ವಯರುಗಳನ್ನು ಒಟ್ಟಿಗೆ ತಿರುಚಿ ಹೊಸ ಕಪ್ಪು ಟೇಪು ಸುತ್ತಿತ್ತು. ಒಂದು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಪಡೆಯಬೇಕಾದದ್ದು, ಇನ್ನೊಂದು ಸದಾ ಬ್ಯಾಟರಿಗೆ ಅಂಟಿಕೊಂಡದ್ದು. ಇಲಿ ಕಡಿದದ್ದನ್ನು ಸರಿಮಾಡುವಾಗ ಕಟಪಾಡಿಯವನು ಬೇರೆಬೇರೆ ಜೋಡಿಸುವ ಬೇಸರಕ್ಕೆ ಎರಡನ್ನೂ ಒಂದು ಮಾಡಿದ್ದ. ಹಾಗಾಗಿ ಕೀಲಿ ತೆಗೆದರೂ ಪ್ಲೇಯರು ಆಫ್ ಆಗುತ್ತಿರಲಿಲ್ಲ. ತಾನೇ ಮಾಡಿದ ತಪ್ಪಿಗೆ ಬ್ಯಾಟರಿಯನ್ನು ದೂರಿದ್ದ, ನನ್ನನ್ನು ದಡ್ಡಿ ಮಾಡಿದ್ದ.

ಸೋಮವಾರ ಶಾಲೆಗೆ ರಜೆ ಹಾಕಿ ಕಟಪಾಡಿಗೆ ಹೋದೆ. ನಾನು ಬಿಡಿಸಿಟ್ಟ ವಯರುಗಳನ್ನು ಅವನಿಗೆ ತೋರಿಸಿದೆ.

"ಓಹ್, ಇದು ಸಣ್ಣ ವಿಷಯ ಮೇಡಂ," ಎಂದ. "ಯಾರು ಹುಡುಕಿದ್ದು?"

"ನಾನು."

"ಅಲ್ಲ, ಯಾವ ಗ್ಯಾರೇಜಿನವರು?"

"ನಾನು ಅಂತ ಹೇಳಿದೆನಲ್ಲ! ನನ್ನ ಮನೆಯ ಅಂಗಳದಲ್ಲಿ, ಒಂದು ಬಲ್ಬು ಹಿಡಿದುಕೊಂಡು. ಅವತ್ತು ನೀವು ಹತ್ತು ನಿಮಿಷ ಕೊಟ್ಟಿದ್ದರೆ ನನ್ನ ಅಕ್ಕ ಆಸ್ಪತ್ರೆ ಬಾಗಿಲಿನಿಂದ ವಾಪಸು ಬರಬೇಕಿರಲಿಲ್ಲ."

ಟಯರಿಗೆ ಗಾಳಿ ತುಂಬಿಸುತ್ತಿದ್ದ ಆಟೋದವರು ತಿರುಗಿ ನೋಡಿದರು. "ಸಿಟ್ಟು ಮಾಡಬೇಡಿ ಮಾರಾಯ್ರೆ," ಎಂದ ಅವನು ಮೆಲ್ಲನೆ.

"ಸಿಟ್ಟು ಮಾಡುವುದಕ್ಕೇ ಬಂದದ್ದು. ಈಗ ಸರಿಯಾಗಿ ಜೋಡಿಸಿ. ನಾನು ಇಲ್ಲೇ ನಿಂತು ನೋಡುತ್ತೇನೆ."

ಅವನು ಎರಡನ್ನೂ ಬೇರೆಬೇರೆ ಜೋಡಿಸಿದ. ತಪ್ಪಾಯಿತು ಎನ್ನಲಿಲ್ಲ. ಆದರೆ ಹೊರಡುವಾಗ ದುಬೈಯ ನಂಬರನ್ನೂ ಕೇಳಲಿಲ್ಲ.

ಕಾರು ಈಗ ವಾರಗಟ್ಟಲೆ ನಿಂತರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅಕ್ಕನ ಮಂಡಿ ಮಾತ್ರ ಆ ಮೂರು ವಾರಗಳಲ್ಲಿ ಬಿಗಿದುಕೊಂಡಿತು. ಎಷ್ಟು ವ್ಯಾಯಾಮ ಮಾಡಿಸಿದರೂ ಇನ್ನೂ ಪೂರ್ತಿ ಮಡಚುವುದಿಲ್ಲ. "ಹೋಗಲಿ ಬಿಡು," ಎನ್ನುತ್ತಾಳೆ ಅವಳು. ನನಗೆ ಬಿಡಲಾಗುವುದಿಲ್ಲ.